ಆ ಫೈಲು ಅಟ್ಟ ಸೇರದಿರಲಿ

ಡಿಸೈನ್ ಪ್ರವೇಶ ಪರೀಕ್ಷೆಯ ಫಲಿತಾಂಶ ಬಂದ ರಾತ್ರಿ ಅಕ್ಕನ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಅಕ್ಕನ ಮಗಳು ಮೊಬೈಲಿನಲ್ಲಿ ತನ್ನ ಅರ್ಜಿ ಸಂಖ್ಯೆಯನ್ನು ನಾಲ್ಕು ಸಲ ಹಾಕಿ ನೋಡಿದಳು. ನಾಲ್ಕು ಸಲವೂ ಆಯ್ಕೆಯಾಗಿಲ್ಲ ಎಂಬ ಅದೇ ಒಂದು ಸಾಲು. ಆಮೇಲೆ ಎದ್ದು ಹೋಗಿ ಮಂಚದ ಕೆಳಗಿನಿಂದ ದೊಡ್ಡ ಡ್ರಾಯಿಂಗ್ ಫೈಲನ್ನು ಎಳೆದು ತಂದು, ಅದರ ದಾರ ಬಿಗಿದು, 'ಅಪ್ಪಾ, ಇದನ್ನ ಅಟ್ಟದ ಮೇಲೆ ಹಾಕ್ಬಿಡು' ಅಂದಳು. ಭಾವ ಸ್ಟೂಲು ತರಲು ಹೋದರು. ನಾನು ಫೈಲನ್ನು ಕೈಗೆ ತೆಗೆದುಕೊಂಡೆ. ಹಾಗೆ ತಡೆಯಲು ನನಗೆ ಕಾರಣವಿತ್ತು.

1996ರಲ್ಲಿ ನನ್ನದೊಂದು ಫೈಲು ಹೀಗೆಯೇ ಅಟ್ಟ ಹತ್ತಿತ್ತು. ಕಲಾಶಾಲೆಯೊಂದರಲ್ಲಿ ಸೀಟು ಸಿಗದೆ ಊರಿಗೆ ವಾಪಸಾದ ದಿನವೇ ನಾನೇ ಏಣಿ ಹತ್ತಿ ಇಟ್ಟು ಬಂದಿದ್ದೆ. ಹನ್ನೊಂದು ವರ್ಷದ ಮೇಲೆ ಮನೆ ರಿಪೇರಿಗೆಂದು ಇಳಿಸಿದಾಗ ಹಾಳೆಗಳ ಅಂಚನ್ನೆಲ್ಲ ಹುಳ ತಿಂದಿತ್ತು. ನಮ್ಮಜ್ಜಿ ಹಲಸಿನ ಹಣ್ಣು ಬಿಡಿಸುತ್ತ ಕೂತಿದ್ದ ಚಿತ್ರವೂ ಅದರಲ್ಲಿತ್ತು, ಅರ್ಧ ಬರೆದದ್ದು. ಪೂರ್ತಿ ಮಾಡೋಣವೆಂದರೆ ಆ ಹೊತ್ತಿಗೆ ಅಜ್ಜಿ ಇರಲಿಲ್ಲ. ಸೀಟು ಸಿಗದಿದ್ದದ್ದಕ್ಕಿಂತ ಆ ಹನ್ನೊಂದು ವರ್ಷ ಪೆನ್ಸಿಲ್ ಮುಟ್ಟದೆ ಇದ್ದದ್ದೇ ನನ್ನನ್ನು ಈಗಲೂ ಕೊರೆಯುತ್ತದೆ.

ನಮ್ಮ ಕಡೆ ಪಿಯುಸಿ ಓದುವ ಮಗು 'ನಾನು ಡಿಸೈನ್ ಓದ್ತೀನಿ' ಅನ್ನಬೇಕಾದರೆ ಪ್ರವೇಶ ಪರೀಕ್ಷೆಗೆ ಮೊದಲೇ ಇನ್ನೊಂದು ಪರೀಕ್ಷೆ ದಾಟಿರುತ್ತದೆ. ಅದು ಮನೆಯಲ್ಲೇ ನಡೆಯುವಂಥದ್ದು. ಸಿಇಟಿ ಬಿಟ್ಟು ಇದೇನು, ಇದರಿಂದ ಹೊಟ್ಟೆ ತುಂಬುತ್ತದಾ, ಎಂಬ ಪ್ರಶ್ನೆಗಳಿಗೆ ತಿಂಗಳುಗಟ್ಟಲೆ ಉತ್ತರ ಕೊಟ್ಟು, ಅತ್ತು, ಹಟ ಹಿಡಿದು ಒಪ್ಪಿಗೆ ಪಡೆದಿರುತ್ತದೆ. ಹಾಗಾಗಿ ಆಯ್ಕೆಯಾಗಿಲ್ಲ ಎಂಬ ಸಾಲು ಬಂದಾಗ ಹೋಗುವುದು ಬರೀ ಸೀಟಲ್ಲ. ಗೆದ್ದು ತಂದಿದ್ದ ಒಪ್ಪಿಗೆಯೂ ಜೊತೆಗೇ ಹೋಯಿತು ಅಂತ ಮಗುವಿಗೆ ಅನ್ನಿಸುತ್ತದೆ. 'ನಾವು ಅವತ್ತೇ ಹೇಳಿರಲಿಲ್ವಾ' ಎಂದು ದೊಡ್ಡವರು ಬಾಯಿಬಿಟ್ಟು ಹೇಳಬೇಕೆಂದೇನೂ ಇಲ್ಲ. ಅವರ ಮೌನದಲ್ಲೇ ಅದು ಕೇಳಿಸುತ್ತದೆ. ಹೆತ್ತವರಲ್ಲಿ ನನ್ನದೊಂದೇ ಬೇಡಿಕೆ: ಆ ವಾರ ಮ್ಯಾನೇಜ್‌ಮೆಂಟ್ ಸೀಟಿನ ಮಾತು ಎತ್ತಬೇಡಿ. ನೆಂಟರು ಫೋನ್ ಮಾಡಿ 'ಏನಾಯ್ತು ಅವಳ ಡ್ರಾಯಿಂಗು?' ಎಂದರೆ ಉತ್ತರ ನೀವೇ ಕೊಡಿ, ಫೋನನ್ನು ಮಗುವಿನ ಕೈಗೆ ದಾಟಿಸಬೇಡಿ.

ಇನ್ನೊಂದು ನೋವು, ಕಾರಣ ತಿಳಿಯದೇ ಇರುವುದು. ಗಣಿತದಲ್ಲಿ ಅಂಕ ಹೋದರೆ ಎಲ್ಲಿ ತಪ್ಪಿದೆ ಎಂದು ಹುಡುಕಬಹುದು. ಚಿತ್ರದಲ್ಲಿ ಹೋದರೆ ತನ್ನ ಕಣ್ಣು, ತನ್ನ ಕೈ, ತಾನೇ ಸರಿಯಿಲ್ಲವೇನೋ ಎನ್ನುವ ಕಡೆಗೆ ಮನಸ್ಸು ಓಡುತ್ತದೆ. ಆದರೆ ಈ ಪರೀಕ್ಷೆಗಳು ಏನನ್ನು ಅಳೆಯುತ್ತವೆ ಎಂಬುದನ್ನೂ ನೋಡಬೇಕು. ನಮ್ಮ ಶಾಲೆಗಳ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಪಾಸಾದ ಮಕ್ಕಳ ಕೈ ಚೆನ್ನಾಗಿ ಪಳಗಿರುತ್ತದೆ. ಬಿಂದಿಗೆ ಇಟ್ಟರೆ ನೆರಳು ಬೆಳಕು ಸಮೇತ ತೆಗೆದುಕೊಡುತ್ತಾರೆ. ಡಿಸೈನ್ ಪರೀಕ್ಷೆಗೆ ಆ ಕೈಯೊಂದೇ ಸಾಲದು. ನಿಫ್ಟ್‌ನ ಸಿಚುಯೇಷನ್ ಟೆಸ್ಟ್‌ನಲ್ಲಿ ಮುಂದೆ ಒಂದಿಷ್ಟು ಸಾಮಾನು ಇಟ್ಟು, ಅದರಲ್ಲೇ ಏನಾದರೂ ಮಾಡಿ ತೋರಿಸು ಅನ್ನುತ್ತಾರೆ. ಐಐಟಿ ಬಾಂಬೆ ನಡೆಸುವ ಯುಸೀಡ್‌ನಲ್ಲಿ ಚಿತ್ರದ ಭಾಗಕ್ಕಿಂತ ಮೊದಲು ಕಂಪ್ಯೂಟರಿನ ಮುಂದೆ ಕೂತು ತರ್ಕದ, ಆಕಾರ ತಿರುಗಿಸುವ ಪ್ರಶ್ನೆಗಳನ್ನು ಬಿಡಿಸಬೇಕು.

ಈ ಬಗೆಯ ಯೋಚನೆಯ ಬೇರು ಹಳೆಯದು. 1958ರಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ಅಮೆರಿಕದ ವಿನ್ಯಾಸಕ ದಂಪತಿ ಭಾರತ ಸುತ್ತಿ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಅದರ ಫಲವಾಗಿಯೇ 1961ರಲ್ಲಿ ಅಹಮದಾಬಾದಿನಲ್ಲಿ ಎನ್‌ಐಡಿ, ಅಂದರೆ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಹುಟ್ಟಿತು. ಆ ವರದಿಯಲ್ಲಿ ಅವರು ಬಹಳ ಮೆಚ್ಚಿ ಬರೆದದ್ದು ನಮ್ಮ ಮನೆಗಳ ಚೊಂಬಿನ ಬಗ್ಗೆ. ಎಷ್ಟು ನೀರು ಹಿಡಿಯಬೇಕು, ತುಂಬಿದಾಗ ತೂಕ ಎಲ್ಲಿ ನಿಲ್ಲಬೇಕು, ಹೊರುವುದು ತಲೆಯ ಮೇಲೋ ಸೊಂಟದಲ್ಲೋ, ಬಗ್ಗಿಸಿದರೆ ನೀರು ಹೇಗೆ ಬೀಳಬೇಕು, ತೊಳೆಯಲು ಕೈ ಒಳಗೆ ಹೋಗುತ್ತದೆಯೇ ಎಂದು ಒಂದೊಂದಾಗಿ ಕೇಳುತ್ತಾ ಹೋಗುತ್ತಾರೆ. ಬಿಂದಿಗೆಯ ನೆರಳನ್ನು ಎರಡು ವರ್ಷ ತಿದ್ದಿದ ನಮ್ಮ ಹುಡುಗಿಯನ್ನು ಅದರ ಕತ್ತು ಯಾಕೆ ಕಿರಿದು ಎಂದು ಯಾರೂ ಕೇಳಿರಲಿಲ್ಲ. ಅದು ಅವಳ ಕೊರತೆಯಲ್ಲ, ನಾವು ಕಲಿಸಿದ ರೀತಿಯದು.

ಅವಳಿಗೆ ನಾನು ಆರ್.ಕೆ. ಲಕ್ಷ್ಮಣ್ ಕಥೆ ಹೇಳಿದೆ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಅವರು ಮುಂಬೈಯ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ಗೆ ಅರ್ಜಿ ಹಾಕಿದ್ದರು. ಸೇರಿಸಿಕೊಳ್ಳುವಷ್ಟು ಪ್ರತಿಭೆ ಈ ಚಿತ್ರಗಳಲ್ಲಿಲ್ಲ ಎಂಬ ಅರ್ಥದ ಉತ್ತರ ಅಲ್ಲಿಂದ ಬಂತು. ಈ ಕಥೆಯನ್ನು ಎಲ್ಲರೂ ಇಲ್ಲಿಂದ ಸೀದಾ 1951ಕ್ಕೆ, ಶ್ರೀಸಾಮಾನ್ಯನ ಪಾಕೆಟ್ ಕಾರ್ಟೂನಿಗೆ, 1984ರ ಮ್ಯಾಗ್ಸೆಸೆ ಪ್ರಶಸ್ತಿಗೆ ಹಾರಿಸಿಬಿಡುತ್ತಾರೆ. ಹದಿನೆಂಟರ ಮಗುವಿಗೆ ಅದರಿಂದ ಪ್ರಯೋಜನವಿಲ್ಲ. ಅದಕ್ಕೆ ಬೇಕಾದದ್ದು ನಡುವಿನ ವರ್ಷಗಳ ಲೆಕ್ಕ. ಲಕ್ಷ್ಮಣ್ ಮಹಾರಾಜ ಕಾಲೇಜಿನಲ್ಲಿ ಬಿ.ಎ. ಓದಿದರು. ಅಣ್ಣ ಆರ್.ಕೆ. ನಾರಾಯಣ್ ಅವರ ಕಥೆಗಳಿಗೆ ಚಿತ್ರ ಬರೆದರು. ರಾಶಿಯವರು 1942ರಲ್ಲಿ ಶುರುಮಾಡಿದ 'ಕೊರವಂಜಿ' ಹಾಸ್ಯಪತ್ರಿಕೆಗೆ ವ್ಯಂಗ್ಯಚಿತ್ರ ಬರೆದರು. ಚಿಕ್ಕಂದಿನಿಂದ ನೋಡುತ್ತಿದ್ದ ಕಾಗೆಗಳನ್ನು ಬರೆಯುವುದನ್ನು ಕೊನೆತನಕ ಬಿಡಲಿಲ್ಲ. ಚಿತ್ರಶಾಲೆ ಬಾಗಿಲು ಹಾಕಿತೆಂದು ಕಾಗೆ ಬಂದು ಕೂರುವುದನ್ನು ನಿಲ್ಲಿಸಲಿಲ್ಲವಲ್ಲ! ಶಿಲ್ಪಿ ರೋದಾನನನ್ನು ಪ್ಯಾರಿಸ್ಸಿನ ದೊಡ್ಡ ಕಲಾಶಾಲೆ ಮೂರು ಸಲ ತಿರಸ್ಕರಿಸಿತ್ತು. ಆಮೇಲೆ ಹೆಚ್ಚುಕಡಿಮೆ ಎರಡು ದಶಕ ಅವನು ಹೊಟ್ಟೆಪಾಡಿಗೆ ಕಟ್ಟಡಗಳ ಅಲಂಕಾರದಂಥ ಕೆಲಸ ಮಾಡಿದ. ಆದರೆ ಅಷ್ಟೂ ಕಾಲ ಕೈಯಲ್ಲಿ ಜೇಡಿಮಣ್ಣು ಇತ್ತು.

ನಾಲ್ಕು ದಿನ ಅವಳನ್ನು ಅವಳ ಪಾಡಿಗೆ ಬಿಟ್ಟೆವು. ಅತ್ತಳು, ಮಲಗಿದಳು, ಊಟ ಬಿಟ್ಟಳು, ಸೀಟು ಸಿಕ್ಕ ಗೆಳತಿಯ ಸ್ಟೇಟಸ್ ನೋಡಲಾರದೆ ಮೊಬೈಲ್ ಆಫ್ ಮಾಡಿಟ್ಟಳು. ಐದನೆಯ ದಿನ ನಾನು ನಡುಮನೆಯ ಸಾಮಾನೆಲ್ಲ ಗೋಡೆಗೆ ಸರಿಸಿ, ಫೈಲು ಬಿಚ್ಚಿ, ಎಲ್ಲ ಹಾಳೆಗಳನ್ನೂ ನೆಲದ ಮೇಲೆ ಹರಡಿದೆ. ಮೊದಲು ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ಬಂದು ಪಕ್ಕದಲ್ಲಿ ಕೂತಳು. ಒಳ್ಳೆಯದು ಕೆಟ್ಟದ್ದು ಅನ್ನದೆ ಸುಮ್ಮನೆ ನೋಡುತ್ತ ಹೋದೆವು. ಅರ್ಧ ಗಂಟೆ ಕಳೆದಿರಬೇಕು. 'ಚಿಕ್ಕಿ, ಇಲ್ಲಿ ಯಾರಿಗೂ ಕೈಯೇ ಇಲ್ಲ' ಅಂದಳು. ನಿಜ. ಬಸ್ಸಿಗೆ ಕಾಯುವವರ ಕೈ ಜೇಬಿನಲ್ಲಿ, ಹೆಂಗಸರ ಕೈ ಸೆರಗಿನ ಹಿಂದೆ, ಮಕ್ಕಳ ಕೈ ಬ್ಯಾಗಿನ ಮರೆಯಲ್ಲಿ. ಕೈ ಬರೆಯುವುದು ಕಷ್ಟವೆಂದು ಎರಡು ವರ್ಷ ತಪ್ಪಿಸಿಕೊಂಡು ಬಂದಿದ್ದು ಅವಳಿಗೇ ಗೊತ್ತಿರಲಿಲ್ಲ. ಅವತ್ತು ರಾತ್ರಿ ಊಟಕ್ಕೆ ಬಂದು ಕೂತಳು.

ಮುಂದಿನ ದಾರಿಯ ಮಾತು ಅದಾದ ಮೇಲೆಯೇ ಬಂತು. ಯುಸೀಡ್ ಬರೆಯಲು ಎರಡೇ ಅವಕಾಶ, ಅದೂ ಬೆನ್ನುಬೆನ್ನಿಗೆ ಎರಡು ವರ್ಷ. ಹಾಗಾಗಿ ಒಂದು ವರ್ಷ ಡ್ರಾಪ್ ತೆಗೆದುಕೊಳ್ಳುವುದನ್ನು ಲೆಕ್ಕ ಹಾಕಿಯೇ ನಿರ್ಧರಿಸಬೇಕು. ಡ್ರಾಪ್ ಎಂದರೆ ಕೋಣೆಯ ಬಾಗಿಲು ಹಾಕಿಕೊಂಡು ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದಾದರೆ ಬೇಡ ಎನ್ನುವವಳು ನಾನು. ಸಾಮಾನು ಮಾಡುವ ಜನರ ಜೊತೆ, ಒಬ್ಬ ಬಡಗಿಯ ಹತ್ತಿರವೋ ಚನ್ನಪಟ್ಟಣದ ಗೊಂಬೆ ಮಾಡುವವರ ಹತ್ತಿರವೋ ಕೆಲವು ತಿಂಗಳು ಕೂತು ಬಂದರೆ ಆ ವರ್ಷಕ್ಕೊಂದು ಅರ್ಥ. ಒಳಗಿರುವುದು ವಿನ್ಯಾಸವಲ್ಲ, ಚಿತ್ರವೇ ಎಂದು ಅನ್ನಿಸಿದರೆ ಮೈಸೂರಿನ ಕಾವಾ ಕಲಾಶಾಲೆ ಇದೆ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿದೆ. ಅವನ್ನು ಎರಡನೇ ದರ್ಜೆಯ ಆಯ್ಕೆ ಎಂದು ನೋಡುವ ಕೋಚಿಂಗ್ ಸೆಂಟರಿನ ಕಣ್ಣು ನಮಗೆ ಬೇಡ. ಆಸಕ್ತಿ ಯಾವುದರಲ್ಲಿ ಎಂದು ಮಗುವಿಗೇ ಗೊತ್ತಾಗಲು ಸ್ವಲ್ಪ ಹೊತ್ತು ಬೇಕು, ಅಷ್ಟೇ.

ಅವಳಿನ್ನೂ ಏನೂ ತೀರ್ಮಾನಿಸಿಲ್ಲ. ಫೈಲು ಮಾತ್ರ ನಡುಮನೆಯ ಗೋಡೆಗೆ ಒರಗಿದೆ, ದಾರ ಕಟ್ಟಿಲ್ಲ. ಬೆಳಗ್ಗೆ ಆರೂವರೆಗೆಲ್ಲ ಹಾಸನದ ಕಟ್ಟಿನಕೆರೆ ಮಾರುಕಟ್ಟೆಗೆ ಹೋಗಿ ಹೂ ಕಟ್ಟುವವರ ಹತ್ತಿರ ಕೂರುತ್ತಾಳೆ. ಬಾಳೆನಾರು ಬೆರಳಿಗೆ ಸುತ್ತಿ ಗಂಟಾಗುವ ಆ ಒಂದು ಚಣ ಅವಳ ಪೆನ್ಸಿಲಿಗೆ ಇನ್ನೂ ಸಿಕ್ಕಿಲ್ಲ. ಮೊನ್ನೆ ನಾನೂ ಜೊತೆಗೆ ಹೋಗಿದ್ದೆ. ಸೇವಂತಿಗೆ ಕಟ್ಟುತ್ತಿದ್ದ ಅಜ್ಜಿ ಕೈ ನಿಲ್ಲಿಸದೆ ಅವಳ ಚಿತ್ರದ ಪುಸ್ತಕದೊಳಕ್ಕೆ ಇಣುಕಿ ನೋಡಿ, 'ಹೆಬ್ಬೆರಳು ಹಂಗಲ್ಲ ಕಣವ್ವ, ಒಳಿಕ್ಕೆ ಮಡಚ್ಕೊಂಡಿರ್ತದೆ, ನೋಡಿಲ್ಲಿ' ಎಂದು ಮತ್ತೊಂದು ಗಂಟನ್ನು ನಿಧಾನವಾಗಿ ಹಾಕಿ ತೋರಿಸಿದರು. ಅವಳು ಹಾಳೆ ತಿರುವಿದಳು.