ಗ್ರಂಥಾಲಯದ ಗೋಡೆಗೊಂದು ರುಮಾಲೆ ಚಿತ್ರ

ದೊಡ್ಡಬಳ್ಳಾಪುರ ಎಂದರೆ ಹೊರಗಿನವರಿಗೆ ನೆನಪಾಗುವುದು ಮಗ್ಗದ ಸದ್ದು, ಸೀರೆ, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ. ಕರ್ನಾಟಕದ ದೊಡ್ಡ ನಿಸರ್ಗ ಚಿತ್ರಕಾರರಲ್ಲಿ ಒಬ್ಬರಾದ ರುಮಾಲೆ ಚನ್ನಬಸವಯ್ಯ 1910ರಲ್ಲಿ ಹುಟ್ಟಿದ್ದೂ ಇಲ್ಲೇ. ಇದನ್ನು ಹೇಳಿದರೆ ನನ್ನ ವಾರಿಗೆಯ ಗೆಳೆಯರು, ‘ಯಾರವರು? ಪರೀಕ್ಷೆಗೆ ಬರ್ತಾರಾ?’ ಅನ್ನುತ್ತಾರೆ.

ಬಂದರೂ ಬರಬಹುದು. ಬೆಂಗಳೂರಿನಲ್ಲಿ ಎ.ಎನ್. ಸುಬ್ಬರಾಯರ ಕಲಾಮಂದಿರದಲ್ಲಿ ಚಿತ್ರ ಕಲಿತ ಹುಡುಗ ಸ್ವಾತಂತ್ರ್ಯ ಚಳವಳಿಗೆ ಧುಮುಕಿ ಜೈಲು ಕಂಡರು. ಸೇವಾದಳದಲ್ಲಿ ದುಡಿದರು, ‘ತಾಯಿನಾಡು’ ಪತ್ರಿಕೆಯ ಸಂಪಾದಕರಾದರು, ವಿಧಾನ ಪರಿಷತ್ತಿನಲ್ಲೂ ಕುಳಿತರು. ಅಷ್ಟೆಲ್ಲ ಆದ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ, ರಾಜಕೀಯಕ್ಕೆ ಕೈಮುಗಿದು ಮತ್ತೆ ಕುಂಚ ಹಿಡಿದರು. 1988ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಕೆಳಗಿಡಲಿಲ್ಲ. ಮೂವತ್ತಕ್ಕೇ ‘ಇನ್ನೇನು ವಯಸ್ಸಾಯಿತು’ ಎಂದು ಅರ್ಜಿ ಹಾಕುವುದನ್ನು ಬಿಡುವ ನಮಗೆ ಇದು ಪ್ರಶ್ನೆಪತ್ರಿಕೆಗಿಂತ ಹೆಚ್ಚು ಉಪಯೋಗದ ಸಂಗತಿ.

ಅವರು ಮರದ ಎದುರೇ ಕುಳಿತು ಮರ ಬರೆದವರು. ಕಬ್ಬನ್ ಪಾರ್ಕ್, ಲಾಲ್‌ಬಾಗ್, ಹೂಬಿಟ್ಟ ಗುಲ್‌ಮೊಹರ್, ಜಕರಂಡ. ಆದರೆ ಫೋಟೊದಂತೆ ಅಲ್ಲ. ಗಿಡ್ಡ ಗಿಡ್ಡ ಗೆರೆಗಳು ಒಂದರ ಪಕ್ಕ ಒಂದು ಬಂದು ಕೂರುತ್ತವೆ. ಹತ್ತಿರದಿಂದ ನೋಡಿದರೆ ಬರೀ ಕೆಂಪು, ಹಳದಿ, ನೇರಳೆ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಮರ. ಹಲವರಿಗೆ ವ್ಯಾನ್ ಗೋ ನೆನಪಾಗುತ್ತಾನೆ. ನನಗೇನೋ ಅಷ್ಟು ದೂರ ಹೋಗಬೇಕು ಅನ್ನಿಸುವುದಿಲ್ಲ. ಮೇ ತಿಂಗಳ ನಮ್ಮ ಬಿಸಿಲೇ ಸಾಕು. ಮೊಬೈಲ್‌ನ ಅಂಗೈಯಗಲದ ಪರದೆಯಲ್ಲಿ ಹೀಗೆ ಹಿಂದೆ ಸರಿಯಲು ಎಲ್ಲಿದೆ ಜಾಗ?

ಆ ಜಾಗ ಇರುವುದು ಗ್ರಂಥಾಲಯದಲ್ಲಿ. ಬೆಂಗಳೂರಿನ ರಾಜಾಜಿನಗರದಲ್ಲಿ ಅವರ ಚಿತ್ರಗಳನ್ನು ಜೋಪಾನ ಮಾಡಿಟ್ಟಿದ್ದಾರೆ, ನಿಜ. ಆದರೆ ಗ್ಯಾಲರಿ ಅಂದರೆ ನಮ್ಮ ಕಡೆಯವರಿಗೆ ಒಂದು ಅಳುಕು: ಟಿಕೆಟ್ ಇದೆಯಾ, ಚಪ್ಪಲಿ ಬಿಡಬೇಕಾ, ಏನಾದರೂ ಕೇಳಿಬಿಟ್ಟರೆ? ಗ್ರಂಥಾಲಯಕ್ಕೆ ಆ ಅಳುಕಿಲ್ಲ. ಪೇಪರ್ ಓದುವ ತಾತನಿಂದ ಹಿಡಿದು ಪಿಡಿಒ ಪರೀಕ್ಷೆಗೆ ಓದುವ ಹುಡುಗಿಯವರೆಗೆ ಎಲ್ಲರೂ ಬರುತ್ತಾರೆ, ಗಂಟೆಗಟ್ಟಲೆ ಕೂರುತ್ತಾರೆ. ಕಣ್ಣು ದಣಿದಾಗ ತಲೆ ಎತ್ತಿ ನೋಡುವುದು ಗೋಡೆಯನ್ನೇ. ಮೇಲಾಗಿ ಪತ್ರಿಕೆ ನಡೆಸಿದ ಮನುಷ್ಯನ ಚಿತ್ರ ಪತ್ರಿಕೆ ಓದುವ ಕೋಣೆಯಲ್ಲಿ ಇರುವುದೇ ಚೆಂದ.

ಮೂಲಚಿತ್ರ ಕೇಳುತ್ತಿಲ್ಲ. ನಮ್ಮ ಧೂಳಿಗೆ, ಮಳೆಗಾಲದಲ್ಲಿ ಸೋರುವ ಸೂರಿಗೆ ಅದನ್ನು ಒಪ್ಪಿಸುವುದು ತಪ್ಪು. ಚಿತ್ರಗಳನ್ನು ಕಾಯುತ್ತಿರುವವರ ಒಪ್ಪಿಗೆ ಪಡೆದು, ದೊಡ್ಡ ಅಳತೆಯಲ್ಲಿ ಒಳ್ಳೆಯ ಪ್ರತಿ ಮಾಡಿಸಿ, ಕಟ್ಟು ಹಾಕಿಸಿದರೆ ಸಾಕು. ಕೆಳಗೆ ಎರಡು ಸಾಲು ಕನ್ನಡ: ಯಾರು, ಎಲ್ಲಿಯವರು, ಇದು ಯಾವ ಮರ. ಮನೆ ಕಂದಾಯದ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುವ ನಾವು ಇಷ್ಟನ್ನು ಕೇಳಬಹುದು. ಇಲಾಖೆಯ ಕಡತ ಸರಿಯುವುದು ತಡವಾದರೆ, ಊರಿನ ಹಳೆಯ ವಿದ್ಯಾರ್ಥಿಗಳೇ ಚಂದಾ ಎತ್ತಿ ಮಾಡಬಹುದಾದ ಕೆಲಸ.

ಬೇಗ ಆಗಬೇಕು ಅನ್ನುವುದಕ್ಕೆ ಇನ್ನೊಂದು ಕಾರಣವಿದೆ. ರಸ್ತೆ ಅಗಲವಾಗುತ್ತಿದೆ, ಹೊಲಗಳು ಲೇಔಟ್ ಆಗುತ್ತಿವೆ, ಸಾಲುಮರಗಳು ಒಂದೊಂದಾಗಿ ಉರುಳುತ್ತಿವೆ. ರುಮಾಲೆ ಬರೆದಂಥ ಒಂದು ಮರವನ್ನು ಚಿತ್ರದಲ್ಲಿ ನೋಡಿದ ಹುಡುಗ ಹೊರಗೆ ಬಂದು, ‘ಇದು ಅದೇ ಮರ ಅಲ್ವಾ?’ ಎಂದು ಬೆರಳು ತೋರಿಸಬೇಕಾದರೆ ಆ ಮರ ಹೊರಗೂ ನಿಂತಿರಬೇಕು. ನಮ್ಮ ಗ್ರಂಥಾಲಯದ ಕಿಟಕಿಯಾಚೆ ಸದ್ಯಕ್ಕೆ ಒಂದು ಗುಲ್‌ಮೊಹರ್ ಉಳಿದಿದೆ.