ಮಗ ‘ಗೇ’ ಎಂದರೆ 21 ದಿನದಲ್ಲಿ ಗುಣಪಡಿಸಬಹುದೇ? ಒಂದು ಫಾರ್ವರ್ಡ್, ಒಬ್ಬ ಗೆಳೆಯನ ಪ್ರಶ್ನೆಗಳು

ನಮ್ಮ ವಾಟ್ಸಾಪ್ ನಂಬರಿಗೆ ದಿನವೂ ಹತ್ತಾರು ಫಾರ್ವರ್ಡ್‌ಗಳು ಬರುತ್ತವೆ. ಹೆಚ್ಚಿನವರು ಕೇಳುವುದು ಒಂದೇ ಮಾತು: “ಇದು ನಿಜಾನಾ?” ಕೆಲವು ವಾರಗಳ ಹಿಂದೆ ಬಂದ ಒಂದು ಫಾರ್ವರ್ಡ್‌ನ ಕೆಳಗೆ ಮಾತ್ರ ಉದ್ದನೆಯ ಸಂದೇಶವಿತ್ತು. ಬರೆದವನು ಸೆಕೆಂಡ್ ಪಿಯುಸಿ ಓದುವ ಹುಡುಗ. ಅವನ ಮತ್ತು ಅವನ ಗೆಳೆಯನ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬಿಟ್ಟು ಇಲ್ಲಿ ಕೊಡುತ್ತಿದ್ದೇವೆ.

“ನನ್ನ ಫ್ರೆಂಡ್ ಒಬ್ಬ ಇದ್ದಾನೆ, ಆರನೇ ಕ್ಲಾಸಿಂದ ಒಂದೇ ಬೆಂಚು. ಹೋದ ವರ್ಷ ನನ್ನ ಹತ್ರ ಮಾತ್ರ ಹೇಳಿದ್ದ, ತಾನು ಗೇ ಅಂತ. ನಾನು ಯಾರಿಗೂ ಹೇಳಿರಲಿಲ್ಲ. ಹೋದ ತಿಂಗಳು ಅವನೇ ಮನೇಲಿ ಹೇಳಿದ. ಅವರಪ್ಪ ಹೊಡೆದು, ಫೋನ್ ಕಿತ್ಕೊಂಡು, ‘ನಮ್ಮ ಪಾಲಿಗೆ ನೀನು ಸತ್ತೆ’ ಅಂದ್ರಂತೆ. ರಾತ್ರಿ ಹತ್ತೂವರೆಗೆ ಬ್ಯಾಗ್ ಹಾಕ್ಕೊಂಡು ನಮ್ಮನೆಗೆ ಬಂದ. ಈಗ ನಮ್ಮನೇಲೇ ಇದ್ದಾನೆ. ಅವರ ದೊಡ್ಡಪ್ಪ ಈ ಮೆಸೇಜ್ ಕಳಿಸಿ ‘ಅಲ್ಲಿಗೆ ಬಂದ್ರೆ ಮನೆಗೆ ಸೇರಿಸ್ತೀವಿ’ ಅಂತಿದ್ದಾರೆ. ಇದು ನಿಜವಾಗ್ಲೂ ಕಾಯಿಲೆನಾ? ಅವನನ್ನು ಕಳಿಸಬೇಕಾ? ಕಾಲೇಜಲ್ಲಿ ನನ್ನನ್ನೂ ಹಾಗೇ ಅಂತ ಆಡಿಕೊಳ್ತಿದ್ದಾರೆ. ನಾನು ಏನು ಮಾಡಬೇಕು?”

ಫಾರ್ವರ್ಡ್ ಹೇಳುವುದಿಷ್ಟು: ಸಲಿಂಗಕಾಮ ಹಾರ್ಮೋನ್ ದೋಷದಿಂದ ಮತ್ತು ಮೊಬೈಲ್ ಚಟದಿಂದ ಬರುವ ಮಾನಸಿಕ ರೋಗ, 21 ದಿನದ ಚಿಕಿತ್ಸೆ ಮತ್ತು ಪಥ್ಯದಿಂದ ಸಂಪೂರ್ಣ ಗುಣವಾಗುತ್ತದೆ, ಬೇಗ ಮದುವೆ ಮಾಡಿದರೆ ಮತ್ತೆ ಬರುವುದಿಲ್ಲ.

ಒಂದೇ ಸಾಲಿನಲ್ಲಿ ಉತ್ತರ: ಇದು ಸುಳ್ಳು. ಸಲಿಂಗಾಕರ್ಷಣೆ ರೋಗವಲ್ಲ. ಅದನ್ನು ‘ಗುಣಪಡಿಸುವ’ ಚಿಕಿತ್ಸೆ ಇಲ್ಲ. ಅಂಥ ಚಿಕಿತ್ಸೆ ಕೊಡುವುದು ಭಾರತದಲ್ಲಿ ವೈದ್ಯರ ವೃತ್ತಿ ನಿಯಮಗಳಿಗೆ ವಿರುದ್ಧ.

ಈಗ ಒಂದೊಂದಾಗಿ ನೋಡೋಣ.

ಇದು ಕಾಯಿಲೆಯೇ?

ಅಲ್ಲ. ಒಂದು ಕಾಲದಲ್ಲಿ ವೈದ್ಯರ ಪುಸ್ತಕಗಳಲ್ಲೂ ಇದನ್ನು ಕಾಯಿಲೆ ಎಂದೇ ಬರೆದಿದ್ದರು. ಅದಕ್ಕೆ ಪುರಾವೆ ಇಲ್ಲ ಎಂದು ಗೊತ್ತಾದಾಗ ತಿದ್ದಿಕೊಂಡರು. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ ಇದನ್ನು ಮಾನಸಿಕ ರೋಗಗಳ ಪಟ್ಟಿಯಿಂದ ತೆಗೆಯಿತು. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದು ತನ್ನ ರೋಗಗಳ ಪಟ್ಟಿಯಿಂದ ಕೈಬಿಟ್ಟಿತು. ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಇದೇ ಮಾತನ್ನು ಬಹಿರಂಗವಾಗಿ ಹೇಳಿತು. ಆಗ ಸಂಘದ ಅಧ್ಯಕ್ಷರಾಗಿದ್ದವರು ಬೆಂಗಳೂರಿನ ಮನೋವೈದ್ಯ ಡಾ. ಅಜಿತ್ ಭಿಡೆ.

ನಮ್ಮ ದೇಶದ ಕಾನೂನೂ ಹೀಗೇ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಒಬ್ಬ ವ್ಯಕ್ತಿ ಸಮಾಜದ ಅಥವಾ ಧರ್ಮದ ನಂಬಿಕೆಗಳಿಗೆ ಹೊಂದಿಕೊಳ್ಳುತ್ತಿಲ್ಲ ಎಂಬ ಕಾರಣಕ್ಕೆ ಅವನಿಗೆ ಮಾನಸಿಕ ರೋಗವಿದೆ ಎಂದು ತೀರ್ಮಾನಿಸುವಂತಿಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರ ನಡುವಿನ ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ತೀರ್ಪು ಕೊಟ್ಟಿತು. ಸಲಿಂಗ ಮದುವೆಗೆ ಕಾನೂನಿನ ಮಾನ್ಯತೆ ಇನ್ನೂ ಇಲ್ಲ, ನಿಜ. 2023ರ ಅಕ್ಟೋಬರ್ 17ರಂದು ಕೋರ್ಟ್ ಅದನ್ನು ಸಂಸತ್ತಿಗೆ ಬಿಟ್ಟಿತು. ಆದರೆ ಮದುವೆಗೆ ಮಾನ್ಯತೆ ಇಲ್ಲ ಎಂದ ಮಾತ್ರಕ್ಕೆ ಅದು ರೋಗವಾಗುವುದಿಲ್ಲ, ಅಪರಾಧವೂ ಆಗುವುದಿಲ್ಲ.

ಮೊಬೈಲ್‌ನಿಂದ, ಸಹವಾಸದಿಂದ, ಬೆಳೆಸಿದ ರೀತಿಯಿಂದ ಬರುತ್ತದೆಯೇ?

ಯಾರಿಗೆ ಯಾರ ಮೇಲೆ ಆಕರ್ಷಣೆ ಆಗುತ್ತದೆ ಎನ್ನುವುದು ಏಕೆ ಹಾಗೆ ಎಂಬುದಕ್ಕೆ ಒಂದೇ ಒಂದು ಕಾರಣ ಸಿಕ್ಕಿಲ್ಲ. 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಸುಮಾರು 4.7 ಲಕ್ಷ ಜನರ ಡಿಎನ್‌ಎ ಪರಿಶೀಲಿಸಿತು. ‘ಗೇ ಜೀನ್’ ಎಂಬ ಒಂದೇ ವಂಶವಾಹಿ ಇಲ್ಲ, ತುಂಬಾ ವಂಶವಾಹಿಗಳು ತಲಾ ಸ್ವಲ್ಪ ಸ್ವಲ್ಪ ಪ್ರಭಾವ ಬೀರುತ್ತವೆ ಮತ್ತು ವಂಶವಾಹಿಯ ಆಚೆಗಿನ ಅಂಶಗಳೂ ಇವೆ ಎಂದು ಅದು ಹೇಳಿತು. ನಮ್ಮ ಎತ್ತರ, ಸ್ವಭಾವಗಳ ವಿಷಯದಲ್ಲೂ ಹೀಗೇ ಅಲ್ಲವೇ?

ಆದರೆ ತಂದೆ-ತಾಯಿ ಬೆಳೆಸಿದ್ದು ಸರಿಯಿಲ್ಲದೆ ಮಗ ಹೀಗಾದ ಎನ್ನುವುದಕ್ಕೆ ಪುರಾವೆ ಇಲ್ಲ. ಅಮ್ಮ ಮುದ್ದು ಮಾಡಿದ್ದಾಗಲಿ, ಅಪ್ಪ ಗದರಿದ್ದಾಗಲಿ ಕಾರಣವಲ್ಲ. ಮೊಬೈಲ್ ಕೂಡ ಕಾರಣವಲ್ಲ. ಮೊಬೈಲ್ ಬರುವುದಕ್ಕೆ ಸಾವಿರಾರು ವರ್ಷ ಮೊದಲೇ ಇಂಥವರು ಇದ್ದರು. ಪಾಶ್ಚಾತ್ಯ ದೇಶಗಳಿಂದ ಬಂತು ಎನ್ನುವವರು ಒಂದು ವಿಷಯ ನೆನಪಿಡಬೇಕು. ನಮ್ಮಲ್ಲಿಗೆ ಹೊರಗಿನಿಂದ ಬಂದದ್ದು ಇದನ್ನು ಅಪರಾಧ ಎಂದ ಸೆಕ್ಷನ್ 377. ಅದು 1860ರಲ್ಲಿ ಬ್ರಿಟಿಷರು ತಂದ ದಂಡ ಸಂಹಿತೆಯ ಭಾಗ.

ಕನ್ನಡದಲ್ಲೇ ಉದಾಹರಣೆ ಬೇಕಾದರೆ, ಸಂಡೂರಿನಲ್ಲಿ ಬೆಳೆದ ಲೇಖಕ ವಸುಧೇಂದ್ರ ಅವರಿದ್ದಾರೆ. ಸಲಿಂಗಿ ಯುವಕನೊಬ್ಬನ ಬದುಕನ್ನು ಹೇಳುವ ಅವರ ಕಥಾ ಸಂಕಲನ ‘ಮೋಹನಸ್ವಾಮಿ’ 2013ರಲ್ಲಿ ಬಂತು. ತಾವು ಗೇ ಎಂದು ಅವರು ಬಹಿರಂಗವಾಗಿ ಹೇಳಿಕೊಂಡಿದ್ದಾರೆ.

ಹಾರ್ಮೋನ್ ಕೊಟ್ಟರೆ ಸರಿಹೋಗುತ್ತದೆಯೇ?

ಇದನ್ನು ಮಾಡಿ ನೋಡಿದ್ದಾಗಿದೆ. ಕಂಪ್ಯೂಟರ್ ವಿಜ್ಞಾನದ ಪಿತಾಮಹ ಎಂದು ಕರೆಯುವ ಅಲನ್ ಟ್ಯೂರಿಂಗ್ ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಗುಪ್ತ ಸಂದೇಶಗಳನ್ನು ಬಿಡಿಸಲು ದುಡಿದವರು. 1952ರಲ್ಲಿ ಇಂಗ್ಲೆಂಡಿನ ಕೋರ್ಟ್ ಅವರನ್ನು ಸಲಿಂಗ ಸಂಬಂಧದ ಕಾರಣಕ್ಕೆ ಅಪರಾಧಿ ಎಂದಿತು. ಜೈಲಿನ ಬದಲು ಹಾರ್ಮೋನ್ ಇಂಜೆಕ್ಷನ್ ಕೊಟ್ಟರು. ದೇಹಕ್ಕೆ ತೊಂದರೆಯಾಯಿತೇ ಹೊರತು ಆಕರ್ಷಣೆ ಬದಲಾಗಲಿಲ್ಲ. ಎರಡು ವರ್ಷದಲ್ಲಿ, 41ರ ವಯಸ್ಸಿಗೆ ಅವರು ತೀರಿಕೊಂಡರು. ಬ್ರಿಟನ್ ಅವರಿಗೆ ಕ್ಷಮಾದಾನ ಕೊಟ್ಟಿದ್ದು 2013ರಲ್ಲಿ.

ಹೀಗೆ ‘ಬದಲಾಯಿಸುವ’ ಪ್ರಯತ್ನಗಳಿಗೆ ಕನ್ವರ್ಷನ್ ಥೆರಪಿ ಎನ್ನುತ್ತಾರೆ. ಕರೆಂಟ್ ಶಾಕ್, ವಾಂತಿ ಬರಿಸುವ ಔಷಧ, ಉಪವಾಸ, ಕೂಡಿಹಾಕುವುದು, ಬೆದರಿಸುವ ‘ಕೌನ್ಸೆಲಿಂಗ್’ ಎಲ್ಲವೂ ಇದರಲ್ಲಿ ಸೇರುತ್ತವೆ. ಇದರಿಂದ ಕೆಲವರು ಬದಲಾಗುತ್ತಾರೆ ಎಂದು 2003ರಲ್ಲಿ ಬರೆದಿದ್ದ ಅಮೆರಿಕದ ಹೆಸರಾಂತ ಮನೋವೈದ್ಯ ರಾಬರ್ಟ್ ಸ್ಪಿಟ್ಜರ್ ಅವರೇ, ತಮ್ಮ ಅಧ್ಯಯನದಲ್ಲಿ ದೋಷವಿತ್ತೆಂದು ಒಪ್ಪಿಕೊಂಡು 2012ರಲ್ಲಿ ಕ್ಷಮೆ ಕೇಳಿದರು.

ಭಾರತದಲ್ಲಿ, 2021ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್ ಇಂಥ ‘ಚಿಕಿತ್ಸೆ’ಗೆ ತಡೆ ಹಾಕಲು ಆದೇಶಿಸಿತು. ಅದರ ಬೆನ್ನಲ್ಲೇ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ಕನ್ವರ್ಷನ್ ಥೆರಪಿ ವೃತ್ತಿ ದುರ್ನಡತೆ ಎಂದು ಎಲ್ಲ ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ತಿಳಿಸಿತು. ಅಂದರೆ ಕರ್ನಾಟಕದಲ್ಲಿ ಒಬ್ಬ ಡಾಕ್ಟರ್ ಇದನ್ನು ಮಾಡಿದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ಫಾರ್ವರ್ಡ್‌ನಲ್ಲಿರುವ ಕೇಂದ್ರದ ಹೆಸರಿನ ಜೊತೆಗೆ ಯಾವ ವೈದ್ಯರ ನೋಂದಣಿ ಸಂಖ್ಯೆಯೂ ಇಲ್ಲ. ಇರುವುದು ಮುಂಗಡ ಹಣ ಕಳಿಸಲು ಒಂದು ಫೋನ್ ನಂಬರ್ ಅಷ್ಟೇ.

ಮದುವೆ ಮಾಡಿದರೆ?

ಮೊದಲನೆಯದಾಗಿ, ಹುಡುಗನಿಗೆ 21 ತುಂಬದೆ ಮದುವೆ ಮಾಡುವುದು ಅಪರಾಧ. ಎರಡನೆಯದಾಗಿ, ಇದು ಪರಿಹಾರವೂ ಅಲ್ಲ.

ಗುಜರಾತಿನ ರಾಜಪೀಪ್ಲಾ ರಾಜಮನೆತನದ ಮಾನವೇಂದ್ರ ಸಿಂಗ್ ಗೋಹಿಲ್ ಅವರ ವಿಷಯ ಎಲ್ಲರಿಗೂ ತಿಳಿದದ್ದೇ. ಮದುವೆಯಾದರೆ ಸರಿಹೋಗಬಹುದು ಎಂದುಕೊಂಡು 1991ರಲ್ಲಿ ಮದುವೆಯಾದರು. ಮರುವರ್ಷವೇ ವಿಚ್ಛೇದನವಾಯಿತು. 2006ರಲ್ಲಿ ತಾನು ಗೇ ಎಂದು ಪತ್ರಿಕೆಯಲ್ಲಿ ಹೇಳಿಕೊಂಡಾಗ ಊರಿನಲ್ಲಿ ಅವರ ಪ್ರತಿಕೃತಿ ಸುಟ್ಟರು. ‘ಇವನು ನಮ್ಮ ಮಗನಲ್ಲ’ ಎಂದು ಮನೆಯವರು ಪತ್ರಿಕಾ ಪ್ರಕಟಣೆ ಕೊಟ್ಟರು. ಅವರು ರಾಜಕುಮಾರ, ವಯಸ್ಕ. ಹಾಗಾಗಿ ತಡೆದುಕೊಂಡರು. 17 ವರ್ಷದ ಹುಡುಗನ ಕೈಯಲ್ಲಿ ಒಂದು ಬ್ಯಾಗ್ ಬಿಟ್ಟರೆ ಇನ್ನೇನೂ ಇರುವುದಿಲ್ಲ.

ಇನ್ನು, ಏನೂ ತಿಳಿಯದೆ ಆ ಮನೆಗೆ ಸೊಸೆಯಾಗಿ ಬರುವ ಹುಡುಗಿ? ಅವಳ ಬಗ್ಗೆ ಈ ಫಾರ್ವರ್ಡ್ ಒಂದು ಮಾತೂ ಹೇಳುವುದಿಲ್ಲ.

ಹಾಗಾದರೆ ಅಪಾಯ ಎಲ್ಲಿದೆ?

ಅಪಾಯ ಇರುವುದು ಮನೆಯಿಂದ ಹೊರಹಾಕುವುದರಲ್ಲಿ. ಅಮೆರಿಕದ ಕೈಟ್ಲಿನ್ ರಯಾನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 21ರಿಂದ 25 ವರ್ಷದ 224 ಮಂದಿಯನ್ನು ಮಾತನಾಡಿಸಿದ್ದರು. ಹದಿಹರೆಯದಲ್ಲಿ ಮನೆಯವರಿಂದ ತೀವ್ರ ತಿರಸ್ಕಾರ ಕಂಡವರಲ್ಲಿ, ತಿರಸ್ಕಾರ ಕಾಣದ ಅಥವಾ ಕಡಿಮೆ ಕಂಡವರಿಗಿಂತ, ಆತ್ಮಹತ್ಯೆಗೆ ಯತ್ನಿಸಿದ ಸಾಧ್ಯತೆ 8.4 ಪಟ್ಟು ಹೆಚ್ಚಿತ್ತು. ತೀವ್ರ ಖಿನ್ನತೆ 5.9 ಪಟ್ಟು ಹೆಚ್ಚಿತ್ತು. ಇದು ಸಣ್ಣ ಅಧ್ಯಯನ, ಬೇರೆ ದೇಶದ್ದು. ಎರಡು ಸಂಗತಿಗಳು ಒಟ್ಟಿಗೆ ಕಂಡವು ಎಂದು ತೋರಿಸುತ್ತದೆಯೇ ಹೊರತು, ಒಂದರಿಂದಲೇ ಇನ್ನೊಂದಾಯಿತು ಎಂದು ಸಾಬೀತು ಮಾಡುವುದಿಲ್ಲ. ಆದರೂ 8 ಪಟ್ಟು ಎನ್ನುವುದು ಕಡೆಗಣಿಸುವ ಅಂತರವಲ್ಲ.

ಇನ್ನೊಂದು ಕಡೆಯ ಲೆಕ್ಕವೂ ಇದೆ. ಅಮೆರಿಕದ ಟ್ರೆವರ್ ಪ್ರಾಜೆಕ್ಟ್ ಸಂಸ್ಥೆ 2019ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ತಮ್ಮನ್ನು ಒಪ್ಪಿಕೊಂಡ ಒಬ್ಬರಾದರೂ ದೊಡ್ಡವರು ಇದ್ದ ಮಕ್ಕಳಲ್ಲಿ ಆತ್ಮಹತ್ಯೆ ಯತ್ನ ಶೇ. 40ರಷ್ಟು ಕಡಿಮೆ ಕಂಡಿತು. ಅದು ಅಪ್ಪನೋ ಅಮ್ಮನೋ ಆಗಿರಬೇಕಿಲ್ಲ. ಚಿಕ್ಕಮ್ಮ, ಲೆಕ್ಚರರ್, ಗೆಳೆಯನ ಅಮ್ಮ ಯಾರಾದರೂ ಸರಿ.

ಗೆಳೆಯ ಏನು ಮಾಡಬಹುದು?

ನಮಗೆ ಬರೆದ ಹುಡುಗ ಬಹುಪಾಲು ಸರಿಯಾದುದನ್ನೇ ಮಾಡಿದ್ದ. ಅಂಥ ಸ್ಥಿತಿಯಲ್ಲಿರುವ ಬೇರೆಯವರಿಗೂ ಉಪಯೋಗವಾಗಲಿ ಎಂದು ಹೇಳುತ್ತೇವೆ.

1. ಗುಟ್ಟು ಅವನದು. ಅವನ ಒಪ್ಪಿಗೆ ಇಲ್ಲದೆ ಯಾರಿಗೂ ಹೇಳಬೇಡಿ, ‘ಒಳ್ಳೆಯದಕ್ಕೇ’ ಎಂದುಕೊಂಡೂ ಬೇಡ.

2. ಕೇಳಿಸಿಕೊಳ್ಳಿ. “ನಿಂಗೆ ಗ್ಯಾರಂಟಿನಾ?”, “ಒಂದ್ಸಲ ಟ್ರೈ ಮಾಡಿ ನೋಡು” ಎಂಬ ಮಾತು ಬೇಡ. ಮೊದಲಿನಂತೆ ಕ್ರಿಕೆಟ್‌ಗೆ ಕರೆಯಿರಿ, ನೋಟ್ಸ್ ಕೊಡಿ.

3. ಬದುಕು ಬೇಡ ಎನ್ನುವಂತೆ ಮಾತಾಡಿದರೆ, “ಸಾಯಬೇಕು ಅನ್ನಿಸ್ತಿದೆಯಾ?” ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎನ್ನುವುದು ತಪ್ಪು ನಂಬಿಕೆ. ಹೌದು ಎಂದರೆ ಒಬ್ಬನನ್ನೇ ಬಿಡಬೇಡಿ. ಇಂಥ ಹೊತ್ತಿನಲ್ಲಿ ಮಾತ್ರ ಗುಟ್ಟಿಗಿಂತ ಜೀವ ದೊಡ್ಡದು. ನಂಬಿಕಸ್ಥ ದೊಡ್ಡವರೊಬ್ಬರಿಗೆ ಹೇಳಿ. ಟೆಲಿ-ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ತುರ್ತು ಇದ್ದರೆ 112.

4. 18 ತುಂಬದವನು ನಿಮ್ಮ ಮನೆಗೆ ಬಂದಿದ್ದರೆ ನಿಮ್ಮ ಮನೆಯ ದೊಡ್ಡವರಿಗೆ ತಿಳಿಸಿ. ಅವರು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲಿ. ಪೋಷಕರಿಗೆ ಹೇಳದೆ ಚಿಕ್ಕವರನ್ನು ಇಟ್ಟುಕೊಂಡರೆ ಅಪಹರಣದ ದೂರು ಬರುವ ಸಾಧ್ಯತೆ ಇದೆ. ವಿಷಯ ದಾಖಲಾದರೆ ಹುಡುಗನಿಗೂ ನಿಮಗೂ ರಕ್ಷಣೆ. ಮಕ್ಕಳನ್ನು ಹೊಡೆದು ಹೊರಹಾಕುವುದು 2015ರ ಬಾಲನ್ಯಾಯ ಕಾಯ್ದೆಯಡಿ ಶಿಕ್ಷಾರ್ಹ ಎಂಬುದನ್ನೂ ಅವರು ಮನೆಯವರಿಗೆ ತಿಳಿಸಿ ಹೇಳಬಲ್ಲರು.

5. ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅವನ ಕೈಯಲ್ಲಿ ಇರಲಿ. ಪರೀಕ್ಷೆ ತಪ್ಪದಿರಲಿ. ಓದು ನಿಂತರೆ ಮುಂದಿನ ದಾರಿಯೇ ಮುಚ್ಚುತ್ತದೆ.

“ನನ್ನನ್ನೂ ಹಾಗೇ ಅಂತಾರೆ” ಎಂಬ ಭಯಕ್ಕೆ ನಮ್ಮಲ್ಲಿ ಔಷಧವಿಲ್ಲ. ಅನ್ನುವವರು ಅನ್ನುತ್ತಾರೆ. ಗೆಳೆತನದಿಂದ ಯಾರೂ ಗೇ ಆಗುವುದಿಲ್ಲ ಎನ್ನುವುದು ಮಾತ್ರ ಖಚಿತ. ನಿಮಗೂ ಒತ್ತಡವಾದರೆ ಅದೇ 14416ಕ್ಕೆ ನೀವೂ ಕರೆ ಮಾಡಬಹುದು.

ಪೋಷಕರಿಗೆ

ಆಘಾತ ಆಗುವುದು ಸಹಜ. ಸಿಟ್ಟು, ಅಳು, ‘ಜನ ಏನಂತಾರೆ’ ಎಂಬ ಹೆದರಿಕೆ ಎಲ್ಲವೂ ಬರುತ್ತವೆ. ಇವತ್ತೇ ಎಲ್ಲವನ್ನೂ ಒಪ್ಪಿಕೊಳ್ಳಿ ಎಂದು ಯಾರೂ ಹೇಳುತ್ತಿಲ್ಲ. ಆದರೆ ನಾಲ್ಕು ಕೆಲಸ ಬೇಡ: ಹೊಡೆಯಬೇಡಿ, ಹೊರಹಾಕಬೇಡಿ, ಓದು ಬಿಡಿಸಬೇಡಿ, ‘ಗುಣ ಮಾಡುವ’ ಕಡೆ ಕರೆದೊಯ್ಯಬೇಡಿ. ಹೇಳಲು ಮಾತು ಸಿಗದಿದ್ದರೆ “ಊಟ ಆಯ್ತಾ?” ಎಂದು ಕೇಳಿ, ಸಾಕು. ಮಗ ನಿಮ್ಮ ಹತ್ತಿರ ಸತ್ಯ ಹೇಳಿದ್ದು ನಿಮ್ಮ ಮೇಲೆ ನಂಬಿಕೆ ಇಟ್ಟು. ನಿಮ್ಮಂಥ ಪೋಷಕರದೇ ‘ಸ್ವೀಕಾರ್’ ಎಂಬ ಬಳಗವಿದೆ, ಬೆಂಗಳೂರಿನಲ್ಲಿ ‘ಸಂಗಮ’ದಂಥ ಸಂಸ್ಥೆಗಳಿವೆ. ಅವರೊಂದಿಗೆ ಮಾತಾಡಬಹುದು.

ಆಮೇಲೆ ಏನಾಯಿತು?

ಇದನ್ನು ಬರೆಯುವ ಮುಂಚೆ ಆ ಹುಡುಗನಿಗೆ ಮತ್ತೆ ಸಂದೇಶ ಕಳಿಸಿದೆವು. ಗೆಳೆಯ ಇನ್ನೂ ಅವರ ಮನೆಯಲ್ಲೇ ಇದ್ದಾನೆ, ವಿಷಯವನ್ನು 1098ಕ್ಕೆ ತಿಳಿಸಿದ್ದಾರೆ. ಆ ‘ಚಿಕಿತ್ಸೆ’ಗೆ ಹೋಗಿಲ್ಲ. ಪರೀಕ್ಷಾ ಶುಲ್ಕ ಕಟ್ಟಿಯಾಗಿದೆ. ಅಪ್ಪ ಮಾತಾಡುತ್ತಿಲ್ಲ. “ಅವರಮ್ಮ ಮಾತ್ರ ಮಧ್ಯಾಹ್ನ ನಮ್ಮಮ್ಮನ ಫೋನಿಗೆ ಮಾಡ್ತಾರೆ. ಊಟ ಮಾಡಿದ್ನಾ ಅಂತ ಕೇಳಿ ಇಡ್ತಾರೆ. ಅವನ ಹತ್ರ ಕೊಡಿ ಅಂತ ಇನ್ನೂ ಕೇಳಿಲ್ಲ.”

ಕೊನೆಯದಾಗಿ ಒಂದು ಮಾತು. ಈ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಗ್ರೂಪಿನಲ್ಲಿ ಅರವತ್ತು ಜನ ಇದ್ದರೆ, ಏನೂ ಮಾತಾಡದೆ ಅದನ್ನು ಓದುತ್ತಿರುವ ಒಂದು ಮಗು ಅಲ್ಲೇ ಇರಬಹುದು. ಯಾರು ನಗುವ ಇಮೋಜಿ ಹಾಕಿದರು, ಯಾರು “ಇದು ಸುಳ್ಳು” ಎಂದು ಬರೆದರು ಎಂಬುದನ್ನು ಆ ಮಗು ನೋಡುತ್ತಿರುತ್ತದೆ. ಅದನ್ನು ಮುಂದೆ ಕಳಿಸಬೇಡಿ. ಆಗುವುದಾದರೆ, “ಇದು ಸುಳ್ಳು” ಎಂದು ಅದರ ಕೆಳಗೆ ಬರೆಯಿರಿ.