ವಸಾಹತು ಕಾಲದ ಅಮೆರಿಕಾ: ನೆಲವೂ ಕಸಬೂ ಮನೆವಾರ್ತೆಯೂ

ಅಮೆರಿಕಾ ಎಂದೊಡನೆ ಗಗನವನ್ನು ಮುಟ್ಟುವ ಕಟ್ಟಡಗಳೂ ಬಗೆಬಗೆಯ ಯಂತ್ರಗಳೂ ನಮ್ಮ ವಿದ್ಯಾರ್ಥಿನಿಯರ ಕಣ್ಮುಂದೆ ಬಂದು ನಿಲ್ಲುವುದು ಸಹಜ. ಆದರೆ ೧೬೦೭ರಲ್ಲಿ ಆಂಗ್ಲೇಯರು ವರ್ಜೀನಿಯಾದ ಜೇಮ್ಸ್‌ಟೌನಿನಲ್ಲಿ ನೆಲೆಯೂರಿದಂದಿನಿಂದ ೧೭೭೬ರಲ್ಲಿ ಹದಿಮೂರು ವಸಾಹತುಗಳು ಸ್ವಾತಂತ್ರ್ಯವನ್ನು ಸಾರುವವರೆಗೆ, ಸುಮಾರು ನೂರೆಪ್ಪತ್ತು ವರ್ಷಗಳ ಕಾಲ, ಅದು ಒಕ್ಕಲುಮಕ್ಕಳ ನಾಡಾಗಿಯೇ ಇದ್ದಿತು. ಆ ವಸಾಹತುಗಳೆಲ್ಲವೂ ಒಂದೇ ಸಿಂಹಾಸನಕ್ಕೆ ಅಧೀನವಾಗಿದ್ದರೂ ಉತ್ತರದವರ ಊಟ, ಉಡುಗೆ, ದುಡಿಮೆಗಳು ದಕ್ಷಿಣದವರವುಗಳಂತೆ ಇರಲಿಲ್ಲ. ನೆಲದ ಗುಣವೂ ಹವೆಯೂ ಈ ಭೇದಕ್ಕೆ ಕಾರಣವೆಂದು ಭೂಗೋಳದ ಪುಸ್ತಕಗಳು ಹೇಳುತ್ತವೆ. ಅದು ದಿಟವೇ. ಆದರೆ ಆ ನೆಲದಲ್ಲಿ ಯಾರು ದುಡಿದರು, ದುಡಿದ ಫಲವು ಯಾರ ಪಾಲಾಯಿತು ಎಂಬುದನ್ನೂ ಕೇಳದೆ ಹೋದರೆ ವಿಷಯವು ಅರ್ಧವೇ ತಿಳಿದಂತಾಗುವುದು. ಆದುದರಿಂದ ನಾವು ಎರಡನ್ನೂ ಒಟ್ಟಿಗೆ ನೋಡುವೆವು.

ಮೊದಲು ಒಂದು ಮಾತು. ಆ ನೆಲವು ಬರಿದಾಗಿ ಬಿದ್ದಿರಲಿಲ್ಲ. ೧೬೨೦ರಲ್ಲಿ ಯಾತ್ರಿಕರು ಬಂದಿಳಿದು ಕಟ್ಟಿದ ಪ್ಲಿಮತ್ ಎಂಬ ಊರು ವಾಂಪನೋವಾಗ್ ಜನರ ಪಟುಕ್ಸೆಟ್ ಎಂಬ ಹಳ್ಳಿಯಿದ್ದ ಸ್ಥಳವೇ ಆಗಿದ್ದಿತು. ಅದಕ್ಕೆ ಕೆಲವೇ ವರ್ಷಗಳ ಹಿಂದೆ ಐರೋಪ್ಯರ ಹಡಗುಗಳೊಡನೆ ಬಂದ ವ್ಯಾಧಿಯೊಂದು ಆ ಹಳ್ಳಿಯನ್ನು ನಿರ್ಜನವಾಗಿ ಮಾಡಿದ್ದಿತು. ಮುಸುಕಿನ ಜೋಳದ ದಂಟಿಗೆ ಅವರೆಯ ಜಾತಿಯ ಬಳ್ಳಿಯನ್ನು ಹಬ್ಬಿಸಿ, ಬುಡದಲ್ಲಿ ಕುಂಬಳವನ್ನು ಹರಡಿ, ಮೂರನ್ನೂ ಒಂದೇ ಪಾತಿಯಲ್ಲಿ ಬೆಳೆಯುವ ಬಗೆಯನ್ನು ಹೊಸಬರು ಕಲಿತದ್ದು ಆ ಮೂಲನಿವಾಸಿಗಳಿಂದ. ನಮ್ಮ ಹೊಲಗಳ ಮುಸುಕಿನ ಜೋಳವೂ, ನಮ್ಮ ಸಾರಿನ ಮೆಣಸಿನಕಾಯಿಯೂ ಆ ಖಂಡದಿಂದಲೇ ಬಂದವು.

ಉತ್ತರದಲ್ಲಿರುವ ನ್ಯೂ ಇಂಗ್ಲೆಂಡಿನ ಹೊಲಗಳಲ್ಲಿ ಮಣ್ಣಿಗಿಂತ ಕಲ್ಲೇ ಹೆಚ್ಚು, ಬೇಸಿಗೆಯೂ ಅಲ್ಪಕಾಲದ್ದು. ಆದಕಾರಣ ಅಲ್ಲಿಯವರು ಸಮುದ್ರವನ್ನು ನಂಬಿದರು. ಕಾಡ್ ಎಂಬ ಮೀನನ್ನು ಹಿಡಿದು, ಉಪ್ಪು ಹಾಕಿ ಒಣಗಿಸಿ, ಉತ್ತಮವಾದುದನ್ನು ಸ್ಪೇನ್ ಮತ್ತು ಪೋರ್ತುಗಲ್ ದೇಶಗಳಿಗೂ, ಕಳಪೆಯಾದುದನ್ನು ವೆಸ್ಟ್ ಇಂಡೀಸಿನ ಸಕ್ಕರೆಯ ತೋಟಗಳಲ್ಲಿ ದುಡಿಯುವ ಗುಲಾಮರ ಆಹಾರಕ್ಕೂ ಕಳುಹಿಸುತ್ತಿದ್ದರು. ಹಡಗುಗಳು ಹಿಂದಿರುಗುವಾಗ ಕಾಕಂಬಿಯನ್ನು ತರುತ್ತಿದ್ದವು. ಅದರಿಂದ ರಮ್ ಎಂಬ ಮದ್ಯವನ್ನು ಭಟ್ಟಿಯಿಳಿಸುತ್ತಿದ್ದರು. ಕಾಡಿನ ಪೈನ್ ಮರಗಳಿಂದ ಹಡಗುಗಳನ್ನು ಕಟ್ಟುತ್ತಿದ್ದರು. ಧರ್ಮನಿಷ್ಠೆಗೆ ಹೆಸರಾದ ಬಾಸ್ಟನ್ನಿನ ವರ್ತಕರ ಲೆಕ್ಕದ ಪುಸ್ತಕಗಳಲ್ಲಿಯೂ, ನೇರವಾಗಿಯೋ ಬಳಸುದಾರಿಯಿಂದಲೋ, ಗುಲಾಮರ ದುಡಿಮೆಯೇ ಜಮೆಯಾಗುತ್ತಿದ್ದಿತೆಂಬುದನ್ನು ಮರೆಯಲಾಗದು. ೧೭೬೧ರಲ್ಲಿ ಅದೇ ಬಾಸ್ಟನ್ನಿಗೆ ಆಫ್ರಿಕಾದಿಂದ ಏಳೆಂಟು ವರ್ಷದ ಹುಡುಗಿಯೊಬ್ಬಳನ್ನು ತಂದು ಮಾರಿದರು. ಅವಳನ್ನು ಹೊತ್ತು ತಂದ ಹಡಗಿನ ಹೆಸರನ್ನೇ ಅವಳಿಗೆ ಇಟ್ಟರು. ಆ ಫಿಲ್ಲಿಸ್ ವೀಟ್ಲಿಯ ಕವಿತೆಗಳು ೧೭೭೩ರಲ್ಲಿ ಲಂಡನ್ನಿನಲ್ಲಿ ಪುಸ್ತಕರೂಪವಾಗಿ ಪ್ರಕಟವಾದವು.

ಇನ್ನು ಆ ಕಾಲದ ಮನೆಯೊಳಕ್ಕೆ ಹೋಗೋಣ. ಸಾಧಾರಣ ಒಕ್ಕಲಿಗನ ಮನೆಯೆಂದರೆ ಒಂದು ಅಥವಾ ಎರಡು ಕೋಣೆ. ನಡುವೆ ದೊಡ್ಡ ಒಲೆ. ಆ ಒಲೆಯೇ ಅಡಿಗೆಯ ಸ್ಥಳ, ಅದೇ ಚಳಿಗೆ ಆಶ್ರಯ, ಅದೇ ಇರುಳಿನ ಬೆಳಕು. ಜೋಳದ ಹಿಟ್ಟಿನ ಅಂಬಲಿಯನ್ನು ಮರದ ತಟ್ಟೆಯಲ್ಲಿ ಹಾಕಿಕೊಂಡು ಉಣ್ಣುತ್ತಿದ್ದರು. ದನವನ್ನು ಕಡಿದಾಗ ಬಂದ ಕೊಬ್ಬನ್ನು ಕರಗಿಸಿ, ಅದರಲ್ಲಿ ನೂಲನ್ನು ಮತ್ತೆ ಮತ್ತೆ ಅದ್ದಿ ಬತ್ತಿಗಳನ್ನು ಮಾಡುವರು. ಮಿಕ್ಕ ಕೊಬ್ಬನ್ನು ಬೂದಿಯಿಂದ ಬಸಿದ ನೀರಿನೊಡನೆ ಕುದಿಸಿ ಸಾಬೂನು ಮಾಡುವರು. ಉಣ್ಣೆಯನ್ನೂ ಅಗಸೆಯ ನಾರನ್ನೂ ರಾಟೆಯಲ್ಲಿ ನೂಲುವುದು ಹೆಂಗಸರ ಪಾಲಿನ ಕೆಲಸ. ಇಷ್ಟೆಲ್ಲ ದುಡಿದರೂ ವಿವಾಹಿತ ಸ್ತ್ರೀಯ ಗಳಿಕೆಯು ನ್ಯಾಯಶಾಸ್ತ್ರದ ದೃಷ್ಟಿಯಲ್ಲಿ ಪತಿಯದೇ. ಆಂಗ್ಲೇಯರ ಕಾನೂನಿನಂತೆ ಅವಳು ತನ್ನ ಹೆಸರಿನಲ್ಲಿ ಕರಾರು ಮಾಡುವಂತಿರಲಿಲ್ಲ. ಆದರೂ ೧೭೬೦ರ ದಶಕದಲ್ಲಿ ವಸಾಹತುಗಳವರು ಇಂಗ್ಲೆಂಡಿನ ಸರಕನ್ನು ಬಹಿಷ್ಕರಿಸಿದಾಗ, ಊರ ಹೆಂಗಸರು ಪಾದ್ರಿಗಳ ಮನೆಗಳಲ್ಲಿ ರಾಟೆಗಳೊಡನೆ ಕೂಡಿ ದಿನವೆಲ್ಲ ನೂತು, ಮನೆಯ ನೂಲಿನ ಬಟ್ಟೆಯನ್ನು ಅಭಿಮಾನದ ಉಡುಪಾಗಿ ಮಾಡಿದರು. ರಾಟೆಯು ರಾಜಕಾರಣದ ಆಯುಧವಾಗುವುದನ್ನು ನಮ್ಮ ದೇಶವೂ ಕಂಡಿದೆಯಷ್ಟೆ.

ವಿದ್ಯೆಯ ವಿಷಯದಲ್ಲಿ ಉತ್ತರದವರು ಮುಂದಾಗಿದ್ದರು. ಐವತ್ತು ಮನೆಗಳುಳ್ಳ ಪ್ರತಿಯೊಂದು ಊರೂ ಓದುಬರಹ ಕಲಿಸುವ ಉಪಾಧ್ಯಾಯನನ್ನು ನೇಮಿಸತಕ್ಕದ್ದೆಂದು ಮ್ಯಾಸಚೂಸೆಟ್ಸಿನವರು ೧೬೪೭ರಲ್ಲಿ ಕಾನೂನು ಮಾಡಿದರು. ಹುಡುಗಿಯರಾದರೋ ನೆರೆಮನೆಯ ವಿಧವೆಯೋ ವೃದ್ಧೆಯೋ ನಡೆಸುವ ಮನೆಶಾಲೆಯಲ್ಲಿ, ಹಲಗೆಗೆ ಅಂಟಿಸಿ ಕೊಂಬಿನ ತೆಳುಪದರವನ್ನು ಹೊದಿಸಿದ ಒಂದೇ ಹಾಳೆಯಿಂದ ಅಕ್ಷರಗಳನ್ನು ಕಲಿಯುತ್ತಿದ್ದರು. ಅವರಲ್ಲಿ ಓದಬಲ್ಲವರು ಹಲವರಾದರೂ ಬರೆಯಬಲ್ಲವರು ಕಡಿಮೆ; ಬರಹವು ಗಂಡಸರ ವ್ಯವಹಾರಕ್ಕೆ ಬೇಕಾದುದೆಂಬ ಎಣಿಕೆ ಇದ್ದಿತು.

ನಡುವಣ ವಸಾಹತುಗಳಾದ ಪೆನ್ಸಿಲ್ವೇನಿಯಾ, ನ್ಯೂಯಾರ್ಕ್ ಮೊದಲಾದವು ಗೋಧಿಯ ನಾಡು. ವಿಲಿಯಂ ಪೆನ್ನನು ೧೬೮೨ರಲ್ಲಿ ನೆಲೆಗೊಳಿಸಿದ ಫಿಲಡೆಲ್ಫಿಯಾದಿಂದ ಹಿಟ್ಟೂ ರೊಟ್ಟಿಯೂ ಹಡಗುಗಟ್ಟಲೆ ಹೊರಗೆ ಹೋಗುತ್ತಿದ್ದವು. ಅಲ್ಲಿಗೆ ಬಂದ ಬಡ ಜರ್ಮನರೂ ಐರಿಷರೂ ಹಡಗಿನ ಬಾಡಿಗೆಯನ್ನು ತೀರಿಸಲು ನಾಲ್ಕರಿಂದ ಏಳು ವರ್ಷ ಜೀತವಿದ್ದು ಬಳಿಕ ಸ್ವತಂತ್ರರಾಗುತ್ತಿದ್ದರು. ೧೭೪೨ರಲ್ಲಿ ಆ ಪಟ್ಟಣದ ಸಮೀಪದಲ್ಲಿ ಹದಿನಾರು ವರ್ಷದ ಬೆನಿಗ್ನಾ ಝಿನ್‌ಜೆಂಡಾರ್ಫ್ ಎಂಬ ಮೊರೇವಿಯನ್ ಸಭೆಯ ಕನ್ಯೆಯು ಹುಡುಗಿಯರಿಗಾಗಿ ಶಾಲೆಯೊಂದನ್ನು ತೆರೆದಳು. ಪ್ರಸಂಗವಶಾತ್ ಇನ್ನೊಂದು ಸಂಗತಿ: ಸ್ವಾತಂತ್ರ್ಯ ಯುದ್ಧದ ಕಡೆಯಲ್ಲಿ, ೧೭೮೨ರಲ್ಲಿ, ಇದೇ ಪೆನ್ಸಿಲ್ವೇನಿಯಾದವರು ತಮ್ಮ ವರ್ತಕರ ನಾವೆಗಳನ್ನು ಕಾಯಲು ಸಜ್ಜುಗೊಳಿಸಿದ ಯುದ್ಧನೌಕೆಯ ಹೆಸರು 'ಹೈದರ್ ಅಲಿ'. ಆಂಗ್ಲೇಯರನ್ನು ಎದುರಿಸಿದ ಮೈಸೂರಿನ ಕೀರ್ತಿಯು ಅಷ್ಟು ದೂರ ಹೋಗಿದ್ದಿತು!

ದಕ್ಷಿಣಕ್ಕೆ ಇಳಿದರೆ ಚಿತ್ರವೇ ಬೇರೆ. ವರ್ಜೀನಿಯಾದಲ್ಲಿ ಹೊಗೆಸೊಪ್ಪೇ ಬೆಳೆ, ಹೊಗೆಸೊಪ್ಪೇ ಹಣ. ಪಾದ್ರಿಗಳ ಸಂಬಳವನ್ನು ಸಹ ವರ್ಷಕ್ಕೆ ೧೬,೦೦೦ ಪೌಂಡು ತೂಕದ ಹೊಗೆಸೊಪ್ಪೆಂದು ಕಾನೂನಿನಲ್ಲಿ ಗೊತ್ತುಮಾಡಿದ್ದರು. ಈ ಬೆಳೆಯು ಕೆಲವೇ ವರ್ಷಗಳಲ್ಲಿ ನೆಲದ ಸಾರವನ್ನು ಹೀರಿಬಿಡುವುದರಿಂದ ಹೊಸ ನೆಲವೂ ಹೊಸ ಆಳುಗಳೂ ಸದಾ ಬೇಕಾಗಿದ್ದವು. ೧೬೧೯ರಲ್ಲಿ ಸುಮಾರು ಇಪ್ಪತ್ತು ಮಂದಿ ಆಫ್ರಿಕಾದವರನ್ನು ಅಲ್ಲಿ ತಂದಿಳಿಸಿದರು. ೧೬೬೨ರಲ್ಲಿ, ಮಗುವು ಸ್ವತಂತ್ರವೋ ಗುಲಾಮವೋ ಎಂಬುದು ತಾಯಿಯ ಸ್ಥಿತಿಯನ್ನೇ ಅನುಸರಿಸತಕ್ಕದ್ದೆಂದು ಶಾಸನವಾಯಿತು. ಅಂದಿನಿಂದ ಗುಲಾಮ ಸ್ತ್ರೀಯ ಗರ್ಭದಲ್ಲಿದ್ದ ಶಿಶುವೂ, ಅದರ ತಂದೆ ಯಾರೇ ಆಗಿರಲಿ, ಯಜಮಾನನ ಆಸ್ತಿಯಾಯಿತು. ನಾವು ಓದಿದ ಶಾಸನಗಳಲ್ಲಿ ಇದಕ್ಕಿಂತ ಕ್ರೂರವಾದುದು ವಿರಳ.

ದಕ್ಷಿಣ ಕ್ಯಾರೊಲೈನದ ಕರಾವಳಿಯ ಜೌಗು ಭೂಮಿಯಲ್ಲಿ ಭತ್ತವನ್ನು ಬೆಳೆದರು. ಯಜಮಾನರಾದ ಆಂಗ್ಲೇಯರು ಭತ್ತದ ಗದ್ದೆಯನ್ನು ಕಂಡವರಲ್ಲ. ಪಶ್ಚಿಮ ಆಫ್ರಿಕಾದಿಂದ ಹಿಡಿದು ತಂದವರಲ್ಲಿ ಅನೇಕರು ತಲೆತಲಾಂತರದಿಂದ ಭತ್ತವನ್ನು ಬೆಳೆದವರು. ಒಡ್ಡು ಕಟ್ಟಿ, ತೂಬನ್ನಿಟ್ಟು, ಮೊಣಕಾಲುದ್ದದ ಕೆಸರಿನಲ್ಲಿ ಮಲೇರಿಯಾ ಜ್ವರದ ನಡುವೆ ದುಡಿದವರು ಅವರೇ. ಸಂಜೆಯ ಮೇಲೆ ಹೆಂಗಸರು ಮರದ ಒರಳಿನಲ್ಲಿ ಒನಕೆಯಿಂದ ಭತ್ತವನ್ನು ಕುಟ್ಟಿ, ಹುಲ್ಲಿನಿಂದ ಹೆಣೆದ ಅಗಲವಾದ ಮೊರಗಳಲ್ಲಿ ಕೇರುತ್ತಿದ್ದರು. ನಮ್ಮ ಹಳ್ಳಿಯ ಅಜ್ಜಿಯೊಬ್ಬಳು ಆ ಅಂಗಳಕ್ಕೆ ಹೋಗಿದ್ದರೆ ಕೆಲಸವನ್ನು ಕೂಡಲೇ ಗುರುತಿಸುತ್ತಿದ್ದಳು. ಕುಟ್ಟಿದವರ ಪಾಲಿಗೆ ನುಚ್ಚು ಮಾತ್ರ ಉಳಿಯುತ್ತಿದ್ದುದನ್ನು ಕಂಡು ಬೆರಗಾಗುತ್ತಿದ್ದಳು.

ಇದೇ ಪ್ರಾಂತದಲ್ಲಿ ಎಲೈಜಾ ಲೂಕಸ್ ಎಂಬ ಹುಡುಗಿಯಿದ್ದಳು. ೧೭೩೯ರಲ್ಲಿ ಅವಳ ತಂದೆಯು ಆಂಟಿಗುವಾ ದ್ವೀಪಕ್ಕೆ ಹಿಂದಿರುಗಬೇಕಾಗಿ ಬಂದುದರಿಂದ, ಹದಿನಾರರ ವಯಸ್ಸಿನಲ್ಲಿಯೇ ಮೂರು ತೋಟಗಳ ಆಡಳಿತವು ಅವಳ ಮೇಲೆ ಬಿದ್ದಿತು. ತಂದೆ ಕಳುಹಿಸಿದ ನೀಲಿಗಿಡದ ಬೀಜವನ್ನು ಬಿತ್ತಿದಳು. ಮೊದಲ ಬೆಳೆ ಹಿಮದಿಂದ ಕೆಟ್ಟಿತು. ಆದರೂ ಬಿಡದೆ ಪ್ರಯೋಗವನ್ನು ಮುಂದುವರಿಸಿದಳು. ಸೊಪ್ಪನ್ನು ತೊಟ್ಟಿಯಲ್ಲಿ ಕೊಳೆಹಾಕಿ, ನೀರನ್ನು ಬಸಿದು, ಬಡಿದು, ಸುಣ್ಣದ ನೀರನ್ನು ಸೇರಿಸಿ, ತಳದಲ್ಲಿ ನಿಂತ ಬಣ್ಣವನ್ನು ಬಿಲ್ಲೆಗಳಾಗಿ ಒಣಗಿಸಬೇಕು. ಒಂದು ಗಳಿಗೆ ತಪ್ಪಿದರೂ ಬಣ್ಣ ಕೆಡುವುದು. ೧೭೪೪ರಲ್ಲಿ ಒಳ್ಳೆಯ ಬೆಳೆ ಬಂದಾಗ ಬೀಜವನ್ನು ನೆರೆಯವರಿಗೆ ಹಂಚಿದಳು. ಮುಂದೆ ಬ್ರಿಟಿಷ್ ಸರಕಾರದವರ ಪ್ರೋತ್ಸಾಹಧನವೂ ದೊರೆತು, ಸ್ವಾತಂತ್ರ್ಯ ಯುದ್ಧದ ಹೊತ್ತಿಗೆ ವರ್ಷಕ್ಕೆ ಹತ್ತು ಲಕ್ಷ ಪೌಂಡಿಗೂ ಹೆಚ್ಚು ನೀಲಿ ರಫ್ತಾಗುತ್ತಿದ್ದಿತು.

ಅವಳ ಜಾಣ್ಮೆಯನ್ನು ನಾವು ಮೆಚ್ಚಬೇಕು. ಆದರೆ ಆ ತೊಟ್ಟಿಗಳ ದುರ್ಗಂಧದಲ್ಲಿ ನಿಂತು ಬಣ್ಣವನ್ನು ಬಡಿದ ಗುಲಾಮರ ಹೆಸರುಗಳು ಬಹುಪಾಲು ಚರಿತ್ರೆಯಲ್ಲಿ ಉಳಿದಿಲ್ಲ. ಎಲೈಜಾ ತನ್ನ ತೋಟದ ಇಬ್ಬರು ಗುಲಾಮ ಬಾಲಕಿಯರಿಗೆ ಓದು ಕಲಿಸಿ, ಅವರನ್ನು ಉಳಿದ ಮಕ್ಕಳಿಗೆ ಉಪಾಧ್ಯಾಯಿನಿಯರನ್ನಾಗಿ ಮಾಡುವ ಯೋಚನೆಯುಳ್ಳವಳಾಗಿದ್ದಳೆಂದು ಅವಳ ಪತ್ರಗಳಿಂದ ತಿಳಿಯುವುದು. ಅದೇ ಕಾಲದಲ್ಲಿ, ೧೭೪೦ರಲ್ಲಿ, ಗುಲಾಮರಿಗೆ ಬರೆಯಲು ಕಲಿಸಿದವರು ನೂರು ಪೌಂಡು ದಂಡವನ್ನು ತೆರತಕ್ಕದ್ದೆಂದು ಆ ವಸಾಹತಿನ ಸಭೆಯು ವಿಧಿಸಿತು. ಓದಬಲ್ಲವನು ಯಜಮಾನನ ಮಾತನ್ನು ಓದುವನು. ಬರೆಯಬಲ್ಲವನಾದರೋ ತನ್ನ ಬಿಡುಗಡೆಯ ರಹದಾರಿಯನ್ನು ತಾನೇ ಬರೆದುಕೊಳ್ಳಬಹುದಲ್ಲವೇ!

ಸ್ವಾತಂತ್ರ್ಯವು ಬಂದ ಮೇಲೆ ಕ್ಯಾರೊಲೈನದ ನೀಲಿಗೆ ಬ್ರಿಟನ್ನಿನ ಪ್ರೋತ್ಸಾಹಧನವು ತಪ್ಪಿತು. ಅಲ್ಲಿಯ ತೋಟದವರು ಹತ್ತಿಯ ಕಡೆಗೆ ತಿರುಗಿದರು. ಗುಲಾಮರ ದುಡಿಮೆ ಮಾತ್ರ ನಿಲ್ಲಲಿಲ್ಲ. ಬ್ರಿಟನ್ನಿನ ಬಟ್ಟೆಯ ಗಿರಣಿಗಳಿಗೆ ಬೇಕಾದ ನೀಲಿಯನ್ನು ಈಸ್ಟ್ ಇಂಡಿಯಾ ಕಂಪೆನಿಯವರು ಬಂಗಾಳದಲ್ಲಿ ಬೆಳೆಯಿಸತೊಡಗಿದರು. ಮುಂಗಡ ಹಣದ ಬಲೆಯಲ್ಲಿ ಸಿಕ್ಕಿಕೊಂಡ ಅಲ್ಲಿನ ರೈತರು ೧೮೫೯ರಲ್ಲಿ ತೋಟದ ದೊರೆಗಳ ವಿರುದ್ಧ ಎದ್ದರು. ೧೯೧೭ರಲ್ಲಿ ಗಾಂಧೀಜಿಯವರು ಬಿಹಾರದ ಚಂಪಾರಣ್ಯಕ್ಕೆ ಹೋದದ್ದು ಅದೇ ನೀಲಿಗಿಡವನ್ನು ಬಲಾತ್ಕಾರವಾಗಿ ಬೆಳೆಯಿಸುತ್ತಿದ್ದ ಒಕ್ಕಲುಮಕ್ಕಳ ದೂರನ್ನು ಕೇಳಲೆಂದೇ.